ನಲವತ್ತೇಳು ಹಿಡಿದ ಆಂಟಿವೈರಸ್

ಫೆಬ್ರವರಿ 6, 2001. ಮಂಗಳವಾರ. ಜಮಖಂಡಿ

ಆಫೀಸಿನಿಂದ ಬರುವಷ್ಟರಲ್ಲಿ ಡೊಳ್ಳಿನ ಪದ ಹಾಡುವ ಧರೆಪ್ಪಜ್ಜ ನಮ್ಮ ಕಟ್ಟೆಯ ಮೇಲೆ ಹಾಜರ್. ಸಾವಳಗಿ ಬಸ್ಸು ಎಂದೂ ಹೊತ್ತಿಗೆ ಬರುವುದಿಲ್ಲ, ಈ ಮನುಷ್ಯ ಮಾತ್ರ ಬರುತ್ತಾರೆ. ಚಹಾ ಬೇಡವೆಂದರು. ಬಿಸಿ ತಾಗಿದರೆ ನಾಲಗೆ ಉರಿಯುತ್ತದಂತೆ. ಕಂಬಳಿ ಮಡಚಿ ಪಕ್ಕಕ್ಕಿಟ್ಟು, ಕಂಪ್ಯೂಟರಿಗೆ ಕೈ ಮುಗಿದು ಕೂತರು. ಬೇಡ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ವರ್ಗವಾಗಿ ಹೋದ ಇಂಜಿನಿಯರ್ ಸಾಹೇಬರು ಬಿಟ್ಟುಹೋದ ಸೆಕೆಂಡ್ ಹ್ಯಾಂಡ್ ಡಬ್ಬಿ ಇದು. ಈ ಮನೆಯಲ್ಲಿ ಅದಕ್ಕೆ ಮರ್ಯಾದೆ ಕೊಡುವವರು ಅವರೊಬ್ಬರೇ.

ಅವರು ಹಾಡುತ್ತಾರೆ, ನಾನು ಟೈಪ್ ಮಾಡುತ್ತೇನೆ. ನೀರಾವರಿ ಆಫೀಸಿನಲ್ಲಿ ಇಷ್ಟು ವರ್ಷ ಟೈಪ್ ಮಾಡಿದ್ದಕ್ಕೆ ಬೆರಳಿಗೇ ಕಿವಿ ಬಂದಿದೆ. ಕಿವಿಗೆ ಬಿದ್ದದ್ದು ತೆರೆಯ ಮೇಲೆ ಬಿದ್ದಿರುತ್ತದೆ, ನಡುವೆ ನಾನು ಇರುವುದೇ ಇಲ್ಲ. ಇಂದು ಬೀರೇಶ್ವರನ ಹುಟ್ಟಿನ ಪದ ಮುಗಿಯಿತು. ಡೊಳ್ಳು ಇಲ್ಲ, ತಾಳ ಇಲ್ಲ, ಬರೀ ದನಿ. ಪಕ್ಕದ ಮನೆ ಅನಸವ್ವ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಳು. ಧರೆಪ್ಪಜ್ಜ ಕಂಡು ಕಿಟಕಿ ಹಾಕಿಸಿದರು.

ಮಿರಜಿನ ಡಾಕ್ಟರು ಮಾರ್ಚಿನಲ್ಲಿ ಆಪರೇಷನ್ ಎಂದಿದ್ದಾರೆ. ತಂಬಾಕಿನ ಹುಣ್ಣು. ನಾಲಗೆ ತೆಗೆಯುತ್ತಾರೆ. ಪೂರಾ ಅಲ್ಲವಂತೆ, ಉಳಿಯುವುದು ಮಾತಿಗೆ ಸಾಲುವುದಿಲ್ಲವಂತೆ. ಅಷ್ಟರೊಳಗೆ ತಲೆಯಲ್ಲಿರುವುದೆಲ್ಲ ಇಳಿಯಬೇಕು.

ಫೆಬ್ರವರಿ 9

ಇವರು ಕೇಳಿಯೇಬಿಟ್ಟರು — ನಮ್ಮ ಮನೆಯವರು, ಅಜಯ ಮಾಸ್ತರಿಗೆ ತಡೆದುಕೊಳ್ಳಲು ಎಲ್ಲಿ ಬರುತ್ತದೆ. “ಅಜ್ಜಾರ, ಟೇಪಿನ್ಯಾಗ ಹಾಡಿದ್ರ ಒಂದ ವಾರದಾಗ ಮುಗೀತಿತ್ತಲ್ರಿ?”

“ಟೇಪ ಬ್ಯಾಡ್ರಿ ಮಾಸ್ತರ. ಒಮ್ಮಿ ಅದರಾಗ ಸಿಕ್ಕು ಸೋತೇನಿ.”

ಯಾರೋ ಹಾಡಿಕೆಯ ಹೊತ್ತಿಗೆ ಟೇಪು ಹಚ್ಚಿ, ಕ್ಯಾಸೆಟ್ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಮಾರಿದರಂತೆ. ಲೋಕಾಪುರ ಕಡೆಯ ಹುಲೆಪ್ಪನ ಮೇಳ ಅದನ್ನು ಕೇಳಿ ಕೇಳಿ ಕಲಿತು, ಮುಂದಿನ ಪಂದ್ಯದಲ್ಲಿ ಅಜ್ಜನ ಪದವನ್ನೇ ಅಜ್ಜನ ಎದುರು ಹಾಡಿತಂತೆ. ಡೊಳ್ಳಿನ ಪದದಲ್ಲಿ ಒಂದು ಮೇಳ ಸವಾಲು ಹಾಕುತ್ತದೆ, ಎದುರಿನ ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಮೊದಲೇ ಹೊರಬಿದ್ದರೆ ಮೇಳದ ಕತೆ ಮುಗಿಯಿತು. ಕಾಗದದ ಮೇಲೂ ನಂಬಿಕೆ ಇಲ್ಲ, ಕಾಗದ ಊರೂರು ಅಡ್ಡಾಡುತ್ತದಂತೆ. ಕಂಪ್ಯೂಟರಿಗೆ ಕೀಲಿ ಹಾಕಬಹುದು ಎಂದು ಮೊಮ್ಮಗಳು ಉಮಾಶ್ರೀ ಹೇಳಿದಳು, ಅದಕ್ಕೇ ಇಲ್ಲಿಗೆ ಬಂದದ್ದು. ಇವರ ಶಾಲೆಯಲ್ಲಿ ಹತ್ತನೆಯ ತರಗತಿ ಅವಳು. ಪರೀಕ್ಷೆ ಮುಗಿದ ಮೇಲೆ ಓದಿ ಕಲಿತು ಮೇಳ ನಡೆಸುವವಳೂ ಅವಳೇ. ಹುಡುಗಿ ಮೇಳ ನಡೆಸುವುದೇ ಎಂದು ಊರಲ್ಲಿ ಬಾಯಿ ಆಡಿಸಿದವರಿಗೆ ಅಜ್ಜ ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನನ್ನಿಂದ ಆಣೆ ಮಾಡಿಸಿಕೊಂಡರು. ಪ್ರಿಂಟ್ ಇಲ್ಲ. ಎರಡನೆಯ ಪ್ರತಿ ಇಲ್ಲ. ಪಾಸ್‌ವರ್ಡ್ ಹಾಕುವಾಗ ಯಾವ ಶಬ್ದ ಇಡೋಣ ಎಂದು ಕೇಳಿದೆ.

“ನೀನ ಇಡು ಯವ್ವಾ. ನನಗೂ ಹೇಳಬ್ಯಾಡ. ನಿದ್ದಿಗಣ್ಣಾಗ ಬಾಯಿ ಬಿಟ್ಟೇನು.”

ಫೆಬ್ರವರಿ 10

ಆಣೆ ಮುರಿದೆ. ಒಂದು ಫ್ಲಾಪಿಗೆ ಕಾಪಿ ಮಾಡಿ ಕುಂಕುಮದ ಬೆಳ್ಳಿ ಭರಣಿಯ ಹಿಂದೆ ಇಟ್ಟಿದ್ದೇನೆ. ಇವರಿಗೂ ಹೇಳಿಲ್ಲ. ಆಫೀಸಿನಲ್ಲಿ ಒಂದೇ ಪ್ರತಿ ಇಟ್ಟುಕೊಂಡು ಕೂತ ಎಷ್ಟು ಜನ ಮೂರ್ಖರನ್ನು ನೋಡಿಲ್ಲ ನಾನು. ಇನ್ನು ದಿನದ ಕೊನೆಗೆ ಅದಕ್ಕೂ ಹಾಕುತ್ತ ಹೋಗುವುದು.

ಫೆಬ್ರವರಿ 15. ಗುರುವಾರ

ವೈರಸ್ ಬಂದಿದೆ.

ಬಂದದ್ದು ಸಾತಪ್ಪ ಹೆಡ್ ಮಾಸ್ತರರ ಫ್ಲಾಪಿಯಲ್ಲಿ. ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡಿ ಎಂದು ಇವರ ಕೈಯಲ್ಲಿ ಕಳಿಸಿದ್ದರು. ಆ ಫ್ಲಾಪಿ ಮುಧೋಳ, ಬೀಳಗಿ ಎಲ್ಲ ಸುತ್ತಿ ಬಂದದ್ದಂತೆ, ಯಾತ್ರೆ ಮುಗಿಸಿದ ಹಾಗೆ. ಹಾಕಿದ ಮರುದಿನದಿಂದ ಕಂಪ್ಯೂಟರ್ ಶುರುವಾಗುವಾಗ ಕಪ್ಪು ತೆರೆಯ ಮೇಲೆ ಒಂದು ಸಾಲು ಮಿಂಚಿ ಮಾಯ. ಸೇವ್ ಒತ್ತಿದರೆ ಒಂದು ಫೈಲಿನ ಜಾಗದಲ್ಲಿ ಎರಡು. ನಡುವೆ ಸುಮ್ಮನೆ ನಿಂತುಬಿಡುತ್ತದೆ.

ಧರೆಪ್ಪಜ್ಜ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ತೆರೆ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಎಂಟು ನುಡಿ ಹಾಗೇ ಗಾಳಿಗೆ. ಕೊನೆಗೆ ಹೇಳಿದೆ. ಮತ್ತೆ ಹಾಡಿದರು. ಎರಡನೆಯ ಸಲ ಹಾಡುವಾಗ ಟವೆಲ್ಲಿನಲ್ಲಿ ರಕ್ತ ಇತ್ತು.

ಫೆಬ್ರವರಿ 18. ಭಾನುವಾರ

ಇವರ ದರ್ಬಾರು. ಕಂಪ್ಯೂಟರ್ ಮ್ಯಾಗಜಿನ್ನಿನ ಜೊತೆ ಬಂದ ಪುಕ್ಕಟೆ ಸಿಡಿಯಲ್ಲಿ ಆಂಟಿವೈರಸ್ ಇದೆ ಎಂದು ಬೆಳಿಗ್ಗೆಯಿಂದ ಹಾಕುತ್ತ ಕೂತಿದ್ದಾರೆ. ನೀಲಿ ಬಣ್ಣದ ಪಟ್ಟಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ನಾನು ಶೇಂಗಾ ಹೋಳಿಗೆಯೇ ಮಾಡಿ ಮುಗಿಸಿದೆ. ಕೊನೆಗೆ ಬಂದದ್ದು — ಯಾವ ವೈರಸ್ಸೂ ಇಲ್ಲ.

“ನೋಡಿದಿ? ಆರಾಮ ಐತಿ,” ಎಂದರು. ಡಾಕ್ಟರು ತಾವೇ ಎಂಬ ಹಾಗೆ.

ಸಂಜೆ ಮತ್ತೆ ಕಂಪ್ಯೂಟರ್ ನಿಂತಿತು.

ಫೆಬ್ರವರಿ 22

ತಂದವರೇ ಔಷಧವನ್ನೂ ಕಳಿಸಿದ್ದಾರೆ. ಸಾತಪ್ಪ ಮಾಸ್ತರರು ಆಂಟಿವೈರಸ್ ಇರುವ ಇನ್ನೊಂದು ಫ್ಲಾಪಿ ಕೊಟ್ಟರು. ಹಳೆಯದು, ಕಪ್ಪು ತೆರೆ, ಬಿಳಿ ಅಕ್ಷರ, ಚಿತ್ರ ಇಲ್ಲ, ಬಣ್ಣ ಇಲ್ಲ. ಹೊಸ ವೈರಸ್ ಗುರುತು ಹಿಡಿಯಲು ತಿಂಗಳಿಗೊಮ್ಮೆ ಪುಣೆಯಿಂದ ಹೊಸ ಫ್ಲಾಪಿ ತರಿಸಬೇಕಂತೆ. ಇದರ ಕೊನೆಯ ಫ್ಲಾಪಿ ಹೋದ ವರ್ಷದ ದೀಪಾವಳಿಯದು.

ಎರಡು ಹಿಡಿಯಿತು. ತೆಗೆಯಲೇ ಎಂದು ಕೇಳಿತು. ತೆಗೆದರೆ ಪಕ್ಕದ ಫೈಲಿಗೆ ಏನಾದರೂ ಆದರೆ? ಬೇಡ ಎಂದು ಒತ್ತಿದೆ. ಇವರು ನಕ್ಕರು. “ಕಳ್ಳನ್ನ ಹಿಡದು ಚಹಾ ಕುಡಿಸಿ ಕಳಸ್ತೀಯೇನ ನೀ?”

ನಗಲಿ. ಇವರ ಮ್ಯಾಗಜಿನ್ ಹೋದರೆ ಇನ್ನೊಂದು ತಿಂಗಳಿಗೆ ಇನ್ನೊಂದು ಬರುತ್ತದೆ. ಅಜ್ಜನ ನಾಲಗೆ ಬರುವುದಿಲ್ಲ. ಆಫೀಸಿನಲ್ಲಿ ಒಂದು ಪತ್ರದಲ್ಲಿ ‘ಕಾಲುವೆ’ ಎಂಬಲ್ಲಿ ‘ನಾಲಗೆ’ ಎಂದು ಟೈಪ್ ಮಾಡಿದ್ದೆ. ಸಾಹೇಬರು ಕರೆದು ತೋರಿಸಿದರು.

ಫೆಬ್ರವರಿ 25

ಎರಡು ಆಂಟಿವೈರಸ್ ಒಂದೇ ಮನೆಯಲ್ಲಿ ಇಟ್ಟರೆ ಹೀಗೇ. ನೀಲಿಯದು ಕಪ್ಪನ್ನು ವೈರಸ್ ಎನ್ನುತ್ತದೆ. ಎರಡೂ ಎದುರುಬದುರು ನಿಂತರೆ ಕಂಪ್ಯೂಟರ್ ನಡುವೆ ಸಿಕ್ಕು ಗಂಟಲು ಹಿಡಿದ ಹಾಗೆ ಗುಂಯ್ ಎನ್ನುತ್ತದೆ. ಇವರು ಹತ್ತಾರು ಸಲ ಆಫ್ ಆನ್ ಮಾಡಿದರು. ಕೊನೆಗೆ ಎರಡನ್ನೂ ತೆಗೆದುಹಾಕಿದೆವು. ಹಾಡುಗಳು ಇವೆ. ನೋಡಿದೆ. ಎಲ್ಲ ಇವೆ.

ಮಾರ್ಚ್ 4. ಭಾನುವಾರ

ಮುಗಿಯಿತು. ಇಂದು ಕೊನೆಯದು, ದೊಡ್ಡ ಜವಾಬು. ಏಳು ವರ್ಷದ ಹಿಂದೆ ಧರೆಪ್ಪಜ್ಜ ಹಾಕಿದ ಒಂದು ಸವಾಲಿಗೆ ಈವರೆಗೆ ಯಾವ ಮೇಳವೂ ಜವಾಬು ಕೊಟ್ಟಿಲ್ಲವಂತೆ. ಪದ್ಧತಿ ಏನೆಂದರೆ, ಸವಾಲು ಹಾಕಿದವನಿಗೆ ಜವಾಬು ಗೊತ್ತಿರಲೇಬೇಕು. ಗೊತ್ತಿಲ್ಲದೆ ಹಾಕಿದ ಎಂದಾದರೆ ಡೊಳ್ಳು ಇಳಿಸಿ ಮೇಳ ಬಿಡಬೇಕು. ಹುಲೆಪ್ಪ ಊರ ತುಂಬ ಹೇಳಿಕೊಂಡು ಬಂದಿದ್ದಾನೆ, ಆ ಮುದುಕನಿಗೇ ಜವಾಬು ಗೊತ್ತಿಲ್ಲ ಎಂದು. ಮುಂದಿನ ಪಂದ್ಯದಲ್ಲಿ ಉಮಾಶ್ರೀ ಎದ್ದು ನಿಂತು ಅದನ್ನು ಹಾಡಬೇಕು. ಇದೊಂದೇ ಆಸೆ. ಉಳಿದ ಪದ ಮರೆತರೂ ನಡೆಯುತ್ತದೆ, ಇದು ಮಾತ್ರ ಉಳಿಯಬೇಕು ಎಂದರು.

ಹಾಡುವಾಗ ದನಿ ಒಡೆದು ಒಡೆದು ಬಂತು. ಎಷ್ಟೋ ಶಬ್ದ ಎರಡೆರಡು ಸಲ ಹೇಳಿಸಿದೆ. ಬೆರಳು ಓಡಿತು. ಮುಗಿದ ಮೇಲೆ ಸೇವ್. ಫ್ಲಾಪಿಗೂ ಸೇವ್. ಅಜ್ಜ ಎದ್ದು ಕಂಬಳಿ ಹೊದ್ದರು.

“ಹಗರಾತ ನೋಡು ಯವ್ವಾ. ಇನ್ನ ಕೊಯ್ಕೊಳ್ಳಲಿ ಅವರು.”

ನಾನು ಒಳಗೆ ಹೋಗಿ ಅತ್ತೆ.

ಮಾರ್ಚ್ 8

ಮಿರಜಿಗೆ ಹೋದರು. ಸತ್ಯವ್ವ, ಅಂದರೆ ಅಜ್ಜನ ಹೆಂಡತಿ, ಜೊತೆಗಿದ್ದಾರೆ. 14ಕ್ಕೆ ಆಪರೇಷನ್. ಇತ್ತ ಕಂಪ್ಯೂಟರ್ ದಿನಕ್ಕೆ ಮೂರು ಸಲ ನಿಲ್ಲುತ್ತಿದೆ.

ಮಾರ್ಚ್ 10. ಶನಿವಾರ

ಇವರೊಂದಿಗೆ ಮುಧೋಳಕ್ಕೆ. ಪರಮೇಶನ ಕಂಪ್ಯೂಟರ್ ಅಂಗಡಿ. ಈ ಡಬ್ಬಿಯನ್ನು ರಿಪೇರಿ ಮಾಡಿ, ಕನ್ನಡ ಹಾಕಿಕೊಟ್ಟವನೂ ಅವನೇ. ಆನ್ ಮಾಡಿದರೆ ತಾನೇ ಕನ್ನಡ ಬರುವ ಹಾಗೆ ಮಾಡಿದ್ದ, ನಾನು ಏನೂ ಒತ್ತುವುದಿರಲಿಲ್ಲ. ಅಂಗಡಿಯ ತುಂಬ ಜನ. ಮಾತಾಡಲು ಪುರುಸೊತ್ತಿಲ್ಲ. ಎಲ್ಲ ಕೇಳಿಸಿಕೊಂಡು ಗಾಜಿನ ಕಪಾಟಿನಿಂದ ಒಂದು ಸಿಡಿ ತೆಗೆದ. ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು.

“ಅಕ್ಕಾರ, ಇದು ಹೊಸಾದು. ಹೊರದೇಶದ್ದು. ಇದರ ಕಣ್ಣ ತಪ್ಪಿಸಿ ಸೊಳ್ಳಿ ಸುದ್ದಾ ಹೋಗಾಂಗಿಲ್ಲ.”

“ಹಾಡಿನ ಫೈಲಿಗೆ ಏನೂ ಆಗಾಂಗಿಲ್ಲಲ್ಲ?”

“ಅದನ್ನ ಉಳಸಾಕನ ಹಾಕಾಕತ್ತೇವಲ್ರಿ.”

ಬಸ್ಸಿನಲ್ಲಿ ಬರುವಾಗ ಸಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ.

ಮಾರ್ಚ್ 11. ಭಾನುವಾರ, ಬೆಳಿಗ್ಗೆ

ಹೊಸ ಸಿಡಿ ಕೆಂಪು ಬಣ್ಣದ್ದು. ಒಂದೊಂದು ಹಿಡಿದಾಗಲೂ ಪೀಂ ಎನ್ನುತ್ತದೆ. ನಲವತ್ತೇಳು! ಮೊದಲನೆಯದು ಒಂದೂ ಹಿಡಿಯಲಿಲ್ಲ. ಎರಡನೆಯದು ಎರಡು. ಇದು ನಲವತ್ತೇಳು. ಇವರು ಕುಣಿಯುವುದೊಂದು ಬಾಕಿ. “ಇದೀಗ ಪೊಲೀಸ! ಉಳಿದವು ಬರೇ ಹೋಂ ಗಾರ್ಡ.” ನನಗೂ ಖರೆ ಎನಿಸಿತು. ಇಷ್ಟು ದಿನ ನಲವತ್ತೇಳು ಹೊಟ್ಟೆಯಲ್ಲಿ ಇಟ್ಟುಕೊಂಡು ಆ ಹಾಡುಗಳು ಹೇಗೆ ಉಳಿದಿದ್ದವೋ.

ಹಿಡಿದವುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ಉದ್ದಕ್ಕೆ ಇದ್ದವು. ಓದಲಿಲ್ಲ. ಓದಿದರೂ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ತೆಗೆಯಲೇ ಎಂದು ಕೇಳಿತು. ಈ ಸಲ ಹೂಂ ಒತ್ತಿದೆ. ನಾನೇ ಒತ್ತಿದೆ.

ಅದೇ ದಿನ, ಮಧ್ಯಾಹ್ನ

ಹೋಯಿತು.

ಆಫ್ ಮಾಡಿ ಆನ್ ಮಾಡಿದೆ. ಕಂಪ್ಯೂಟರ್ ಬೇಗ ಶುರುವಾಯಿತು, ಎಲ್ಲಿಯೂ ನಿಲ್ಲಲಿಲ್ಲ. ಖುಷಿಯಾಯಿತು. ಹಾಡಿನ ಫೈಲ್ ತೆರೆದೆ. ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು, ಚುಕ್ಕೆ, ಕೊಂಬು, ಯಾವುದೋ ದೇಶದ ರೊಕ್ಕದ ಗುರುತು, ನಡುವೆ ಅರ್ಧ ಚಂದ್ರ. ಪುಟದ ಮೇಲೆ ಪುಟ. ಬೀರೇಶ್ವರನ ಹುಟ್ಟು ಹಾಗೇ. ದೊಡ್ಡ ಜವಾಬೂ ಹಾಗೇ. ಇವರು “ತಡಿ ತಡಿ” ಎನ್ನುತ್ತ ಮೌಸು ಕಸಿದುಕೊಂಡರು. ಒಂದರ ಮೇಲೊಂದು ಎಲ್ಲ ಫೈಲು ತೆರೆದರು. ಒಂದರಲ್ಲಿಯೂ ಒಂದು ಕನ್ನಡ ಅಕ್ಷರ ಇಲ್ಲ.

ಆಗ ಭರಣಿಯ ಹಿಂದಿನ ಫ್ಲಾಪಿ ತಂದೆ. ಇವರು ನನ್ನ ಮುಖ ನೋಡಿದರು. ಹಾಕಿದೆವು.

ಅದರಲ್ಲಿಯೂ ಅದೇ ಕಸ.

ಅದೇ ದಿನ, ಸಂಜೆ

ಪರಮೇಶನಿಗೆ ಎಸ್‌ಟಿಡಿ ಬೂತಿನಿಂದ ಫೋನು. ಅತ್ತ ಕಡೆ ಗದ್ದಲ.

“ಅಕ್ಷರ ಹ್ಯಾಂಗ ಕಾಣತಾವ್ರಿ?”

“ಇಂಗ್ಲಿಷಿನ್ಯಾಗ ಏನೇನೋ. ಕನ್ನಡ ಒಂದೂ ಇಲ್ಲ.”

“ಫ್ಲಾಪಿನ್ಯಾಗೂ ಹಂಗನಾ? ಹಂಗಾದ್ರ ವೈರಸ್ ಒಳಗ ಹೊಕ್ಕು ತಿಂದಾವ್ರಿ ಅಕ್ಕಾರ. ತಿಂದ ಮ್ಯಾಲೆ ಸಿಕ್ಕಾವು. ಫೈಲ ಹೋದಂಗ. ಫ್ಲಾಪಿ ಇಟ್ಕೋಬ್ಯಾಡ್ರಿ, ಮತ್ತ ಅದರಿಂದನ ಹತ್ತತೈತಿ. ಎರಡೂ ಫಾರ್ಮ್ಯಾಟ್ ಹೊಡದುಬಿಡ್ರಿ, ಡಬ್ಬಿ ಆದ್ರೂ ಉಳೀತೈತಿ.”

ಮನೆಗೆ ಬಂದು ಇವರು ಪರಮೇಶ ಹೇಳಿದ ಹಾಗೆ ಒಂದೊಂದೇ ಒತ್ತಿದರು. ಖಾತ್ರಿಯೇ ಎಂದು ಕಂಪ್ಯೂಟರ್ ಕೇಳಿತು. ಖಾತ್ರಿ ಎಂದೆವು. ಫ್ಲಾಪಿಯನ್ನು ನಾನೇ ಫಾರ್ಮ್ಯಾಟ್ ಹೊಡೆದು ಅಳಿಸಿದೆ. ಕರಕರ ಸದ್ದು ಮಾಡಿ ನಿಂತಿತು. ಸತ್ತದ್ದನ್ನು ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದು ಎಂದು ನಾನೇ ಹೇಳಿದೆ.

ಮಾರ್ಚ್ 13. ಮಂಗಳವಾರ. ಮಿರಜ್

ಆಫೀಸಿಗೆ ರಜೆ ಹಾಕಿ ಒಬ್ಬಳೇ ಬಂದೆ. ಒಂದು ನೋಟ್‌ಬುಕ್ಕು, ಎರಡು ಪೆನ್ನು. ದೊಡ್ಡ ಜವಾಬು ಒಂದನ್ನಾದರೂ ಮತ್ತೆ ಹೇಳಿಸಿಕೊಳ್ಳಬೇಕು. ಕುಡಚಿ ದಾಟುವವರೆಗೆ ಹೇಗೆ ಹೇಳುವುದು ಎಂದು ಬಾಯಿಪಾಠ ಮಾಡಿದೆ.

ವಾರ್ಡಿನಲ್ಲಿ ಅಜ್ಜನ ಗುರುತೇ ಹತ್ತಲಿಲ್ಲ. ತಲೆಗೆ ಪಟಗಾ ಇಲ್ಲ, ಮೀಸೆ ಬೋಳಿಸಿದ್ದಾರೆ. ಬಾಯಿ ಬಾತು ಒಂದು ಕಡೆಗೆ ಎಳೆದಿದೆ. ನನ್ನನ್ನು ಕಂಡು ಎದ್ದು ಕೂತರು. ಪಕ್ಕದ ಹಾಸಿಗೆಯವನಿಗೆ ಕೈ ಮಾಡಿ ನನ್ನನ್ನು ತೋರಿಸಿದರು. ಸತ್ಯವ್ವ ಹೇಳಿದರು, “ಆವಾಗಿಂದ ಎಲ್ಲಾರಿಗೂ ಹೇಳಾಕತ್ತಾರ ಯವ್ವಾ, ನನ್ನ ಹಾಡ ಎಲ್ಲಾ ಅಂಜನವ್ವನ ಕಡೆ ಅದಾವು ಅಂತ.”

ಅಜ್ಜ ನನ್ನ ಕೈ ಹಿಡಿದರು. ಏನೋ ಅಂದರು, ತಿಳಿಯಲಿಲ್ಲ. ಮತ್ತೆ ಅಂದರು, ಜೊಲ್ಲು ಸುರಿಯಿತು.

“ಕೀಲಿ... ಹಾಕ್ದಿ?”

“ಹಾಕೇನ್ರಿ,” ಎಂದೆ.

ಹೂಂ ಎಂದು ತಲೆಯಾಡಿಸಿ ಮಲಗಿದರು. ನೋಟ್‌ಬುಕ್ಕು ಚೀಲದೊಳಗೇ ಉಳಿಯಿತು. ಹೇಳಿದ್ದರೆ ಆ ಬಾಯಲ್ಲಿ ಮತ್ತೆ ಹಾಡಲು ಕೂರುತ್ತಿದ್ದರು. ಗೊತ್ತು. ಅದಕ್ಕೇ ಹೇಳಲಾಗಲಿಲ್ಲ. ಸುಳ್ಳು — ಅದೊಂದೇ ಕಾರಣ ಅಲ್ಲ. ಹೆದರಿದೆ.

ಮಾರ್ಚ್ 14

ಆಯಿತಂತೆ. ಜೀವಕ್ಕೆ ಏನೂ ಇಲ್ಲವಂತೆ.

ಮಾರ್ಚ್ 25. ಭಾನುವಾರ. ಅಮಾವಾಸ್ಯೆ

ನಾಳೆ ಯುಗಾದಿ. ಇವತ್ತು ಇದಾಯಿತು. ಬರೆಯದಿದ್ದರೆ ತಲೆ ಒಡೆಯುತ್ತದೆ.

ಹೋದ ವಾರ ಪರಮೇಶ ಬಂದು ವಿಂಡೋಸ್ ಹೊಸದಾಗಿ ಹಾಕಿ ಹೋಗಿದ್ದ. ಕನ್ನಡದ ಸಿಡಿ ತರುವುದು ಮರೆತಿದ್ದ, ನಿನ್ನೆ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸಿದ. ಬೆಳಿಗ್ಗೆ ಸಾತಪ್ಪ ಮಾಸ್ತರರ ಫ್ಲಾಪಿ ಬಂತು, ಮಾರ್ಕ್ಸ್ ಪಟ್ಟಿ ತಿದ್ದಬೇಕಂತೆ. ಹಾಕಿದೆ. ತೆರೆದೆ.

ಅದೇ ಕಸ. ಅದೇ ಗೀಟು, ಕೊಂಬು, ಅರ್ಧ ಚಂದ್ರ.

ಇವರ ಮೇಲೆ ಹರಿಹಾಯ್ದೆ. ನಿಮ್ಮ ಶಾಲೆಗೆ ಬೆಂಕಿ ಬೀಳಲಿ, ಮತ್ತೆ ತಂದಿರಾ ವೈರಸ್ಸು ಎಂದು ಕೂಗಿದೆ. ಅನಸವ್ವ ಕಿಟಕಿಗೆ ಬಂದಳು. ಇವರು ಕನ್ನಡದ ಸಿಡಿ ಹಾಕಿದರು. ಎಷ್ಟು ಹೊತ್ತು ಹಿಡಿಯಿತೋ. ಆಫ್, ಆನ್. ಆ ಫ್ಲಾಪಿಯ ಅದೇ ಫೈಲು ಮತ್ತೆ ತೆರೆದರು.

‘ಹತ್ತನೆಯ ತರಗತಿ. ಕನ್ನಡ. ಉಮಾಶ್ರೀ.’ ಮುಂದೆ ಅಂಕಿ. ಚೆಂದ, ದುಂಡಗೆ, ಒಂದು ಒತ್ತೂ ತಪ್ಪಿಲ್ಲ.

ಇವರು ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನಿಂತರು. ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು, ಆಮೇಲೆ ಒಮ್ಮೆಗೇ ತಿಳಿಯಿತು. ಹಾಡುಗಳಿಗೆ ಏನೂ ಆಗಿರಲಿಲ್ಲ. ನಲವತ್ತೇಳರಲ್ಲಿ ಒಂದು ಕನ್ನಡ ತೋರಿಸುವ ಪ್ರೋಗ್ರಾಮು. ಅದನ್ನು ಕಳ್ಳ ಎಂದು ಹಿಡಿದು ತೆಗೆದಿತ್ತು ಆ ಕೆಂಪು ಪೊಲೀಸು. ಅದಿಲ್ಲದೆ ಕನ್ನಡ ಹಾಗೆ ಕಸವಾಗಿ ಕಾಣುತ್ತದೆ, ಅಷ್ಟೇ. ಫೈಲಿನಲ್ಲಿ ಪೂರ್ತಿ ಇತ್ತು. ಫ್ಲಾಪಿಯಲ್ಲಿ ಪೂರ್ತಿ ಇತ್ತು. ದೊಡ್ಡ ಜವಾಬು ಅಕ್ಷರ ಅಕ್ಷರ ಇತ್ತು. ನಾವು ಅಳಿಸಿದೆವು. ಬದುಕಿದ್ದದ್ದನ್ನು ಸುಟ್ಟೆವು, ಖಾತ್ರಿಯೇ ಎಂದು ಕೇಳಿದಾಗ ಖಾತ್ರಿ ಎಂದೆವು.

ಪರಮೇಶನಿಗೆ ಫೋನು ಮಾಡಿ ಬೈದೆ. “ಕನ್ನಡದ ಪ್ರೋಗ್ರಾಮ್ ನೀವು ಒತ್ತಿದ ಒಂದೊಂದ ಕೀ ಕೇಳ್ಕೋತ ಕುಂದರತೈತ್ರಿ. ಹೊರದೇಶದ್ದಕ್ಕ ಅದು ಕಳ್ಳ ಅನಿಸಿರಬೇಕು,” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಕಣ್ಣಿಲೆ ನೋಡಿದ್ರ ನನಗ ತಿಳೀತಿತ್ತರಿ ಅಕ್ಕಾರ. ಫೋನಿನ್ಯಾಗ ಹ್ಯಾಂಗ ತಿಳೀತೈತಿ?”

ಅವನದೂ ಸುಳ್ಳಲ್ಲ. ಬೈಯಲು ಇನ್ನು ಯಾರು ಉಳಿದರು?

ಮಾರ್ಚ್ 26

ಬೇವು ತಿಂದೆವು. ಬೆಲ್ಲ ಇಬ್ಬರೂ ಮುಟ್ಟಲಿಲ್ಲ.

ಏಪ್ರಿಲ್ 5

ಬೆಳಗಾವಿಯಲ್ಲಿ ಚಿದಾನಂದ ಎಂಬುವವನು ಅಳಿಸಿದ್ದನ್ನೂ ತೆಗೆದುಕೊಡುತ್ತಾನೆ ಎಂದು ಯಾರೋ ಹೇಳಿದ್ದರು. ಇವರು ಹಾರ್ಡ್ ಡಿಸ್ಕ್ ಬಿಚ್ಚಿ, ಫ್ಲಾಪಿಯನ್ನೂ ಸೇರಿಸಿ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿದ್ದರು. ಇಂದು ತಂದರು. ಹಳೆಯ ಇಂಜಿನಿಯರ್ ಸಾಹೇಬರು ಅಳಿಸಿದ್ದು ಎಷ್ಟೋ ಸಿಕ್ಕಿದೆ. ಚಿಕ್ಕಪಡಸಲಗಿ ರಸ್ತೆಯ ನಕ್ಷೆ, ಅವರ ಮಗನ ಹುಟ್ಟುಹಬ್ಬದ ಫೋಟೊ, ಇಸ್ಪೀಟಿನ ಆಟ. ನಮ್ಮದರ ಮೇಲೆ ಹೊಸ ವಿಂಡೋಸ್ ಕೂತುಬಿಟ್ಟಿದೆಯಂತೆ. ಫ್ಲಾಪಿಯಲ್ಲಿ ಏನೂ ಇಲ್ಲ.

ಫೋಟೊದಲ್ಲಿ ಆ ಹುಡುಗ ಕೇಕಿನ ಮುಂದೆ ನಗುತ್ತಿದ್ದಾನೆ. ಅವನ ಮೇಲೆ ಸಿಟ್ಟು ಬಂತು ನನಗೆ.

ಏಪ್ರಿಲ್ 15. ಭಾನುವಾರ

ಬಂದಿದ್ದರು. ಧರೆಪ್ಪಜ್ಜ, ಸತ್ಯವ್ವ, ಉಮಾಶ್ರೀ. ಪರೀಕ್ಷೆ ಮುಗಿಸಿದ ಹುಡುಗಿ ಹೊಸ ನೋಟ್‌ಬುಕ್ಕಿಗೆ ಬೈಂಡು ಹಾಕಿ ತಂದಿದ್ದಳು. ಅಜ್ಜನ ಗಲ್ಲದ ಕೆಳಗೆ ಹೊಲಿಗೆ. ಕಂಬಳಿ ಮಡಚಿ ಇಟ್ಟು, ಕೈ ಮುಗಿದು, ತಮ್ಮ ಜಾಗದಲ್ಲಿ ಕೂತರು. ತೆರೆ ಕಡೆ ಬೆರಳು ಮಾಡಿದರು. ಓದು.

ಇವರು ಹೇಳಲು ಹೋದರು, ತಡೆದೆ. ನಾನೇ ಹೇಳಿದೆ. ಎಲ್ಲವನ್ನೂ. ಫ್ಲಾಪಿ, ಮಿರಜಿನಲ್ಲಿ ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ.

ಸತ್ಯವ್ವನಿಗೆ ಅರ್ಥ ಆಗಲಿಲ್ಲ. “ಹೋತು ಅಂದ್ರ? ಕದ್ದ ಒಯ್ದರೇನ ಯಾರರ? ಹುಲೆಪ್ಪನ ಕಡೆಯಾವ್ರ?”

“ಇಲ್ಲ ಆಯಿ. ಯಾರೂ ಒಯ್ದಿಲ್ಲ. ಎಲ್ಲೂ ಇಲ್ಲ,” ಎಂದೆ.

“ಎಲ್ಲೂ ಇಲ್ಲದಂಗ ಹ್ಯಾಂಗ ಹೋಗತೈತವ್ವಾ?”

ಉಮಾಶ್ರೀಗೆ ತಿಳಿಯಿತು. ನೋಟ್‌ಬುಕ್ಕನ್ನು ಮಡಿಲಲ್ಲಿ ಬೋರಲು ಇಟ್ಟಳು. ಅಜ್ಜ ಮಾತ್ರ ನನ್ನನ್ನೇ ನೋಡುತ್ತಿದ್ದರು. ಬೈಯಲಿ ಎಂದು ಕಾದೆ. ಬೈಯಲು ನಾಲಗೆ ಎಲ್ಲಿದೆ. ಎದ್ದು ಹೋಗಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಬಾರಿಸತೊಡಗಿದರು. ಆಮೇಲೆ ಗುನುಗಿದರು. ಮೂಗಿನಿಂದ, ಬಾಯಿ ಮುಚ್ಚಿ. ದೊಡ್ಡ ಸವಾಲಿನ ಧಾಟಿ. ಸವಾಲು ಏಳು ವರ್ಷದಿಂದ ಊರೂರು ಹಾಡಿದ್ದು, ಟೈಪ್ ಮಾಡುವ ಮೊದಲೇ ಕೇಳಿದ್ದೆ. ಬಾಯಿಗೆ ಬಂತು:

ಹೊಳಿಯ ದಾಟಿತೊ ಹಿಂಡ, ಕಂಬಳಿ ಒದ್ದಿ ಆದವೊ
ಒಂದ ಮರಿಯ ಮೈಗಿ ಹನಿ ನೀರ ತಾಕಲಿಲ್ಲೊ
ತಾಯಿ ಕರದರ ಓ ಅಂತಿತ್ತೊ, ಕಣ್ಣಿಗಿ ಕಾಣಲಿಲ್ಲೊ
ಹಾಡಾವರ ಹೇಳರಿ, ಆ ಮರಿ ಯಾವದೊ?

ಅಜ್ಜನ ಮುಖ ಅರಳಿತು. ಬೆರಳು ನಿಲ್ಲಲಿಲ್ಲ. ಧಾಟಿ ಹೊರಳಿತು, ಜವಾಬು ಶುರು. ಮೊದಲ ಸಾಲನ್ನು ಪೂರಾ ಗುನುಗಿ, ಇನ್ನು ನೀನು ಎಂಬ ಹಾಗೆ ನನ್ನ ಕಡೆ ಕೈ ಮಾಡಿದರು.

ಏನೂ ಇಲ್ಲ. ನನ್ನೊಳಗೆ ಒಂದು ಶಬ್ದವೂ ಇಲ್ಲ. ಆ ಜವಾಬನ್ನು ಕೇಳಿದ್ದು ಲೋಕದಲ್ಲಿ ನಾನೊಬ್ಬಳೇ, ಕೇಳಿದ್ದು ನನ್ನ ಬೆರಳು. ಹೊಟ್ಟೆಯೊಳಗಿನ ಮರಿಯೇ ಎಂದು ಅಂದು ಕೇಳಿದ್ದೆ, ಅದು ನೆನಪಿದೆ. ಅಜ್ಜ ನಕ್ಕು, ಅಷ್ಟು ಹಗುರ ಇದ್ದರೆ ಹುಲೆಪ್ಪ ಯಾವಾಗಲೋ ಹೇಳುತ್ತಿದ್ದ ಎಂದಿದ್ದರು. ಆಮೇಲೆ ಹಾಡಿದರು, ಟೈಪ್ ಮಾಡಿದೆ. ಆಫೀಸಿನ ಪತ್ರದ ಹಾಗೆ.

ಮತ್ತೆ ಗುನುಗಿದರು. ಮತ್ತೆ. ಯಾವ ಅಕ್ಷರ ಉದ್ದ, ಯಾವುದು ಗಿಡ್ಡ, ಎಲ್ಲ ಇದೆ. ಶಬ್ದ ಒಂದಿಲ್ಲ. ಅವರಿಗೆ ಗೊತ್ತು, ಹೇಳಲು ಬರುವುದಿಲ್ಲ. ಬರೆಯಲು ಎಂದೂ ಕಲಿತಿಲ್ಲ.

ಉಮಾಶ್ರೀ ಕಣ್ಣು ಒರೆಸಿಕೊಂಡು ಹೇಳಿದಳು, “ಅಕ್ಕಾರ, ಒಂದೊಂದ ಅಕ್ಷರ ಅನ್ರಿ. ಹೌದಂದ್ರ ಅಜ್ಜ ಬಡೀಲಿ.”

ಅ, ಆ, ಇ ಎಂದು ಶುರು ಮಾಡಿದೆ. ಅಜ್ಜ ಅಲ್ಲ, ಅಲ್ಲ ಎಂದು ತಲೆಯಾಡಿಸುತ್ತ ಹೋದರು. ಕ ಅಲ್ಲ. ತ ಅಲ್ಲ. ‘ಮ’ ಎಂದಾಗ ಅಂಗೈಯಿಂದ ಮೇಜು ಬಡಿದರು, ಕೀಬೋರ್ಡ್ ಹಾರಿತು. ಎಲ್ಲರೂ ನಕ್ಕೆವು. ಸತ್ಯವ್ವನೂ ನಕ್ಕರು. ಮಾ, ಮಿ, ಮು — ಅಲ್ಲ. ಬರೀ ಮ. ಟೈಪ್ ಮಾಡಿದೆ. ಎರಡನೆಯ ಅಕ್ಷರಕ್ಕೆ ಮತ್ತೆ ಅಕಾರದಿಂದ. ಅರ್ಧಕ್ಕೆ ಬರುವಷ್ಟರಲ್ಲಿ ಅಜ್ಜನ ಮೈ ಬೆವರಿ ನಡುಗತೊಡಗಿತು. ಹೊಲಿಗೆಯಿಂದ ನೀರು ಒಸರಿತು. ಬಸ್ಸಿನ ಹೊತ್ತು ಬೇರೆ. ಇವರು ಸ್ಟ್ಯಾಂಡಿನವರೆಗೆ ಹೋಗಿ ಕೂರಿಸಿ ಬಂದರು.

ಬುಧವಾರ ಮತ್ತೆ ಬರುತ್ತಾರೆ.

ಏಪ್ರಿಲ್ 18

ಬರಲಿಲ್ಲ.

ಏಪ್ರಿಲ್ 20

ಉಮಾಶ್ರೀ ಫೋನು ಮಾಡಿದ್ದಳು, ಪಕ್ಕದ ಕಿರಾಣಿ ಅಂಗಡಿಗೆ. ಅಜ್ಜನಿಗೆ ಜ್ವರ ಏರಿ ಮತ್ತೆ ಮಿರಜಿಗೆ ಒಯ್ದಿದ್ದಾರೆ. ಕೀವು ಆಗಿದೆಯಂತೆ. “ಹುಷಾರಾದ ಮ್ಯಾಲೆ ಕರಕೊಂಡ ಬರ್ತೇನ್ರಿ. ಆ ಫೈಲ ಹಂಗ ಇಟ್ಟಿರಿಲ್ರಿ?”

ಇಟ್ಟಿದ್ದೇನೆ ಎಂದೆ. ಈ ಸಲ ನಿಜ.

ಏಪ್ರಿಲ್ 29. ಭಾನುವಾರ

ಮಿರಜಿಗೆ ಹೋಗಿ ಬಂದೆವು. ಅಜ್ಜ ಕಣ್ಣು ಬಿಡುತ್ತಾರೆ, ಮುಚ್ಚುತ್ತಾರೆ. ಗುನುಗುವುದು ನಿಂತಿದೆ. ಕಿವಿಯ ಹತ್ತಿರ ಬಾಗಿ ಮ, ಮ ಎಂದೆ. ಬೆರಳು ಅಲುಗಲಿಲ್ಲ. ಸತ್ಯವ್ವ ನನ್ನ ಬೆನ್ನು ಸವರಿ, “ಸಾಕ ಬಿಡವ್ವಾ,” ಎಂದರು.

ಮನೆಗೆ ಬಂದು ಕಂಪ್ಯೂಟರ್ ಹಚ್ಚಿದೆ. ಬಿಳಿ ತೆರೆಯ ಮೇಲೆ ಒಂದೇ ಅಕ್ಷರ. ಧಾಟಿ ತಲೆಯಲ್ಲಿ ಇದೆ, ಆ ಸಾಲಿನ ಮೊದಲ ಶಬ್ದ ಗಿಡ್ಡ, ಅಷ್ಟು ಗೊತ್ತು. ಒಂದೊಂದೇ ಕೂರಿಸಿ ನೋಡುತ್ತಿದ್ದೇನೆ. ಹೌದು ಎನ್ನುವವರು ಇಲ್ಲ, ಅಲ್ಲ ಎನ್ನುವವರೂ ಇಲ್ಲ. ಇವರು ಬಂದು ಪಕ್ಕದಲ್ಲಿ ಕೂತಿದ್ದಾರೆ.

ಮರಿ. ಮಗ. ಮಳಿ. ಮಠ. ಮದ್ದ. ಮಬ್ಬ. ಮನಿ. ಮನಸ. ಮಣ್ಣ. ಮರವ. ಮ